ಕಾಲೇಜು ಓದೂ ಕೈಗೆಲಸವೂ

ವಿದ್ಯೆಯು ಬುದ್ಧಿಯನ್ನು ಬೆಳಗಿಸುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಓದುವ ಕಾಲದಲ್ಲಿಯೇ ವಿದ್ಯಾರ್ಥಿನಿಯು ದಿನಕ್ಕೆ ಒಂದೆರಡು ತಾಸು ಕೈಯಾರೆ ದುಡಿದು ನಾಲ್ಕು ಕಾಸು ಸಂಪಾದಿಸುವುದು ಅವಳ ವಿದ್ಯೆಗೆ ಅಡ್ಡಿಯೋ ಸಹಾಯವೋ ಎಂಬ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇನ್ನೂ ಭಿನ್ನಾಭಿಪ್ರಾಯವುಂಟು. ನಮ್ಮ ನಾಡಿನ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ದೂರದ ಪಟ್ಟಣಗಳ ಕಾಲೇಜುಗಳಿಗೂ, ಕೆಲವರು ಪರದೇಶದ ವಿಶ್ವವಿದ್ಯಾನಿಲಯಗಳಿಗೂ ಹೋಗುತ್ತಿದ್ದಾರೆ. ಅಲ್ಲಿಂದ ಮಗಳು, “ಅಮ್ಮಾ, ಇಲ್ಲಿಯ ಭೋಜನಶಾಲೆಯಲ್ಲಿ ತಟ್ಟೆ ತೊಳೆಯುವ ಕೆಲಸವಿದೆ, ಒಪ್ಪಿಕೊಳ್ಳಲೇ?” ಎಂದು ಕೇಳಿದಾಗ ತಾಯಿಯ ಕಣ್ಣು ತುಂಬಿ ಬರುವುದೂ, “ನಾವು ಅಷ್ಟು ಗತಿಗೆಟ್ಟೆವೇ?” ಎಂದು ತಂದೆಯು ನೊಂದುಕೊಳ್ಳುವುದೂ ಅಪರೂಪವಲ್ಲ. ಆದುದರಿಂದ ಈ ವಿಷಯವನ್ನು ಸಮಾಧಾನದಿಂದ ವಿಚಾರಮಾಡಿ ನೋಡುವುದು ಯುಕ್ತವು.

ಇಲ್ಲಿ ಹೇಳತಕ್ಕ ಕೆಲಸವು ಕಾಲೇಜಿನ ಆವರಣದೊಳಗಿನ ಅರೆಹೊತ್ತಿನ ಕೆಲಸ. ಪುಸ್ತಕಾಲಯದಲ್ಲಿ ಗ್ರಂಥಗಳನ್ನು ಅವುಗಳ ಸ್ಥಾನದಲ್ಲಿಡುವುದು, ಕಚೇರಿಯಲ್ಲಿ ಕಾಗದಪತ್ರಗಳನ್ನು ನೋಡಿಕೊಳ್ಳುವುದು, ಪ್ರಯೋಗಶಾಲೆಯ ಗಾಜಿನ ಪಾತ್ರೆಗಳನ್ನು ತೊಳೆದು ಸಜ್ಜುಮಾಡುವುದು, ಭೋಜನಶಾಲೆಯಲ್ಲಿ ಬಡಿಸುವುದು, ಕಿರಿಯ ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಡುವುದು ಇವೇ ಮೊದಲಾದವು ಇದರಲ್ಲಿ ಸೇರಿವೆ.

ಈ ಪದ್ಧತಿಯ ಚರಿತ್ರೆಯಲ್ಲಿ ಒಬ್ಬ ಸ್ತ್ರೀಯ ಹೆಸರು ಸ್ಮರಣೀಯವಾಗಿದೆ. ಅಮೇರಿಕದ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ೧೭೯೭ರಲ್ಲಿ ಹುಟ್ಟಿದ ಮೇರಿ ಲಯನ್ ಎಂಬಾಕೆಯು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹದಿನೇಳನೆಯ ವಯಸ್ಸಿನಲ್ಲಿ ವಾರಕ್ಕೆ ೭೫ ಸೆಂಟುಗಳ ಸಂಬಳಕ್ಕೆ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಉನ್ನತ ವಿದ್ಯೆ ದೊರೆಯುವುದೇ ಕಷ್ಟ. ದೊರೆತರೂ ಅದು ಸಿರಿವಂತರ ಸೊತ್ತು. ಸಾಧಾರಣ ರೈತರ ಮಕ್ಕಳಿಗೂ ಎಟಕುವಂಥ ವಿದ್ಯಾಲಯವನ್ನು ಕಟ್ಟಬೇಕೆಂದು ಆಕೆ ಹಸುರು ಮಕಮಲ್ಲಿನ ಚೀಲವೊಂದನ್ನು ಹಿಡಿದು ಊರೂರು ತಿರುಗಿ ಹಣ ಕೂಡಿಸಿದಳು. ೧೮೩೭ರ ನವೆಂಬರ್ ೮ರಂದು ಸೌತ್ ಹ್ಯಾಡ್ಲಿ ಎಂಬ ಊರಿನಲ್ಲಿ ಮೌಂಟ್ ಹೋಲಿಯೋಕ್ ಸ್ತ್ರೀವಿದ್ಯಾಲಯವು ತೆರೆಯಿತು. ಪಾಠಕ್ಕೂ ಊಟವಸತಿಗೂ ಸೇರಿ ವರ್ಷಕ್ಕೆ ೬೦ ಡಾಲರು ಮಾತ್ರ ತೆಗೆದುಕೊಳ್ಳುವುದೆಂದು ಆಕೆ ಗೊತ್ತುಮಾಡಿದಳು. ಇಷ್ಟು ಕಡಮೆಗೆ ಸಾಧ್ಯವಾದುದಕ್ಕೆ ಮುಖ್ಯ ಕಾರಣವೇನೆಂದರೆ, ಅಲ್ಲಿ ಅಡಿಗೆ, ಒಗೆತ, ಗುಡಿಸುವಿಕೆ ಮುಂತಾದುವನ್ನು ವಿದ್ಯಾರ್ಥಿನಿಯರೇ ದಿನಕ್ಕೆ ಸುಮಾರು ಒಂದು ತಾಸಿನಂತೆ ಹಂಚಿಕೊಂಡು ಮಾಡುತ್ತಿದ್ದರು. ಮನೆಗೆಲಸವನ್ನು ಕಲಿಸುವುದು ಆಕೆಯ ಉದ್ದೇಶವಾಗಿರಲಿಲ್ಲ; ಅದನ್ನು ತಾಯಂದಿರು ಮನೆಯಲ್ಲಿಯೇ ಕಲಿಸಬೇಕೆಂದು ಆಕೆಯ ಮತ. ಖರ್ಚು ತಗ್ಗಬೇಕು, ಶರೀರಕ್ಕೆ ವ್ಯಾಯಾಮವಾಗಬೇಕು, ಪರಾಧೀನತೆ ತಪ್ಪಬೇಕು ಎಂಬುದೇ ಆಕೆಯ ಎಣಿಕೆ.

ಮುಂದೆ ಲೋಕಪ್ರಸಿದ್ಧಳಾದ ಕವಯಿತ್ರಿ ಎಮಿಲಿ ಡಿಕಿನ್ಸನ್ ೧೮೪೭ರಲ್ಲಿ ಆ ವಿದ್ಯಾಲಯಕ್ಕೆ ಸೇರಿದಳು. ಊಟದ ಮೇಜುಗಳ ಮೊದಲ ಸಾಲಿನ ಚೂರಿಗಳನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಒಯ್ಯುವುದು, ರಾತ್ರಿ ಅಷ್ಟೇ ಚೂರಿಗಳನ್ನು ತೊಳೆದು ಒರಸಿಡುವುದು ತನ್ನ ಪಾಲಿನ ಕೆಲಸವೆಂದೂ ಅದು ಕಷ್ಟವಾದುದಲ್ಲವೆಂದೂ ಆಕೆ ಗೆಳತಿಗೆ ಕಾಗದ ಬರೆದಳು. ಆಕೆಯ ತಂದೆಯು ಅನುಕೂಲಸ್ಥನಾದ ವಕೀಲ. ಚೂರಿ ತೊಳೆದುದರಿಂದ ಆ ಕೈಯ ಲೇಖನಿಗೆ ಯಾವ ಕುಂದೂ ಬರಲಿಲ್ಲವೆಂಬುದನ್ನು ತಂದೆತಾಯಿಗಳು ಗಮನಿಸತಕ್ಕದ್ದು.

ಕೆಂಟಕಿ ಸಂಸ್ಥಾನದಲ್ಲಿ ೧೮೫೫ರಲ್ಲಿ ಸ್ಥಾಪಿತವಾದ ಬಿರಿಯಾ ಕಾಲೇಜು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ೧೮೯೨ರಿಂದ ಇಂದಿನವರೆಗೂ ಯಾವ ವಿದ್ಯಾರ್ಥಿಯಿಂದಲೂ ಪಾಠದ ಫೀಜನ್ನು ತೆಗೆದುಕೊಳ್ಳುತ್ತಿಲ್ಲ. ಬಡವನಾಗಲಿ ಅಲ್ಲವಾಗಲಿ ಪ್ರತಿಯೊಬ್ಬನೂ ವಾರಕ್ಕೆ ಕನಿಷ್ಠ ಹತ್ತು ತಾಸು ಕೆಲಸ ಮಾಡಲೇಬೇಕು. ನೇಯ್ಗೆ, ಕಸಬರಿಗೆ ಕಟ್ಟುವುದು, ಬೇಸಾಯ, ಕಾಲೇಜಿನದೇ ಆದ ಹೋಟೆಲಿನ ಕೆಲಸ, ಕಚೇರಿಯ ಕೆಲಸ ಹೀಗೆ ನಾನಾ ವಿಭಾಗಗಳುಂಟು. ಪಾಠದಲ್ಲಿ ಪಡೆದ ಅಂಕಗಳಿಗೆ ಪಟ್ಟಿಯಿರುವಂತೆ ದುಡಿಮೆಗೂ ಅಲ್ಲಿ ಪ್ರತ್ಯೇಕವಾದ ಪಟ್ಟಿಯುಂಟು. ಎಲ್ಲರೂ ದುಡಿಯುವಲ್ಲಿ ದುಡಿಯುವವಳಿಗೆ ನಾಚಿಕೆಯೆಲ್ಲಿಯದು?

ಅಮೇರಿಕದ ಅಧ್ಯಕ್ಷನಾದ ಲಿಂಡನ್ ಜಾನ್ಸನ್ನನು ಟೆಕ್ಸಾಸಿನ ಸ್ಯಾನ್ ಮಾರ್ಕೋಸ್ ಊರಿನ ಉಪಾಧ್ಯಾಯರ ಕಾಲೇಜಿನಲ್ಲಿ ಕಸ ಗುಡಿಸಿ, ಬಳಿಕ ಪ್ರಾಂಶುಪಾಲರ ಕಚೇರಿಯಲ್ಲಿ ದುಡಿದು, ಓದಿ ೧೯೩೦ರಲ್ಲಿ ಪದವೀಧರನಾದವನು. ಅವನ ಆಡಳಿತದಲ್ಲಿಯೇ ೧೯೬೪ರ ಕಾನೂನಿನ ಮೂಲಕ, ಬಡ ವಿದ್ಯಾರ್ಥಿಗಳ ಅರೆಹೊತ್ತಿನ ದುಡಿಮೆಯ ಕೂಲಿಗೆ ಸರ್ಕಾರವೇ ಹಣ ಒದಗಿಸುವ ಏರ್ಪಾಡು ಉಂಟಾಯಿತು. ಮರುವರ್ಷ ಉನ್ನತ ವಿದ್ಯಾಭ್ಯಾಸದ ಕಾನೂನಿಗೆ ಅವನು ರುಜು ಹಾಕಿದುದು ತಾನು ಕಸ ಗುಡಿಸಿದ ಆ ಕಾಲೇಜಿನಲ್ಲಿಯೇ.

ಇದು ಪರದೇಶದವರ ರೀತಿ, ನಮ್ಮದಲ್ಲ ಎಂದು ಹೇಳುವುದಕ್ಕಾಗದು. ನೆರೆಯ ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು ೧೯೧೯ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ದುಡಿದು ಕಲಿಯುವ ಪದ್ಧತಿಯನ್ನು ಬೆಳೆಸಿ, ನಾನಾ ಜಾತಿಗಳ ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ವಿದ್ಯಾವಂತರನ್ನಾಗಿ ಮಾಡಿದರು. ನಮ್ಮ ಕನ್ನಡನಾಡಿನಲ್ಲಿಯೂ ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯಷ್ಟೇ ದೊಡ್ಡದೆಂದು ಭಾವಿಸಿದರು. ಬಟ್ಟೆ ಒಗೆಯುವ ಮಾಚಯ್ಯನೂ ನೂಲು ತೆಗೆಯುವ ರೆಮ್ಮವ್ವೆಯೂ ವಚನಕಾರರಾದರು. ಹಿಂದೆ ಬೆಂಗಳೂರು ಮೈಸೂರುಗಳಲ್ಲಿ ಅನೇಕ ಬಡ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಉಂಡು ಓದಿದರು. ಆ ದಾನಿಗಳ ಔದಾರ್ಯವು ದೊಡ್ಡದು. ಆದರೆ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಆ ದಾರಿಯೂ ಇರಲಿಲ್ಲ. ಅನ್ಯರ ಮನೆಯ ಎಲೆಗೆ ಕಾಯುವುದಕ್ಕಿಂತ ತನ್ನ ಕೈಯ ದುಡಿಮೆಯಿಂದ ಉಣ್ಣುವುದು ಮೇಲಲ್ಲವೇ?

ಇನ್ನು ಈ ಕೆಲಸದಿಂದಾಗುವ ಪ್ರಯೋಜನಗಳನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದು ಹಣ. ಕಾಲೇಜಿನ ಫೀಜೆಲ್ಲವೂ ಇದರಿಂದ ತೀರುವುದೆಂದು ಎಣಿಸಬಾರದು. ಪುಸ್ತಕ, ಊಟ, ಪ್ರಯಾಣ ಇವುಗಳ ಖರ್ಚಿಗೆ ಇದು ಸಹಾಯವಾಗುವುದು. ಹಣದ ಮೊತ್ತಕ್ಕಿಂತಲೂ ಅದರ ಪಾಠ ದೊಡ್ಡದು. ಎರಡು ತಾಸು ನಿಂತು ದುಡಿದು ಗಳಿಸಿದ ಹಣವನ್ನು ಹುಡುಗಿಯು ಎರಡು ನಿಮಿಷದಲ್ಲಿ ವೆಚ್ಚಮಾಡಲಾರಳು. ಮನೆಯಿಂದ ಬರುವ ಹಣದ ಹಿಂದೆ ತಂದೆಯ ಎಷ್ಟು ದಿನಗಳ ಬೆವರಿದೆಯೆಂಬುದೂ ಆಗಲೇ ಅವಳಿಗೆ ತಿಳಿಯುವುದು.

ಎರಡನೆಯದು ಕಾಲದ ಬೆಲೆ. ದಿನವೆಲ್ಲ ಬಿಡುವಿರುವವಳು ಓದನ್ನು ನಾಳೆಗೆ ತಳ್ಳುವಳು. ಸಂಜೆ ನಾಲ್ಕರಿಂದ ಆರರವರೆಗೆ ಪುಸ್ತಕಾಲಯದಲ್ಲಿ ನಿಲ್ಲಬೇಕಾದವಳು ನಾಲ್ಕರೊಳಗೆ ಓದಿ ಮುಗಿಸುವಳು. ಗೊತ್ತಾದ ಹೊತ್ತಿಗೆ ಹಾಜರಾಗುವುದು, ಬರಲಾಗದಿದ್ದರೆ ಮುಂಚಿತವಾಗಿ ತಿಳಿಸುವುದು, ಒಪ್ಪಿಕೊಂಡುದನ್ನು ಪೂರೈಸುವುದು ಎಂಬ ಗುಣಗಳು ಉಪನ್ಯಾಸ ಕೇಳುವುದರಿಂದ ಬರತಕ್ಕವಲ್ಲ.

ಮೂರನೆಯದು ಸಂಸ್ಥೆಯೊಡನೆ ಬೆಳೆಯುವ ಬಾಂಧವ್ಯ. ದೂರದ ಊರಿಗೆ ಹೋದ ಹುಡುಗಿಗೆ ಮೊದಲ ವರ್ಷದಲ್ಲಿ ಒಂಟಿತನವೇ ದೊಡ್ಡ ಶತ್ರು. ಆವರಣದೊಳಗೆ ಕೆಲಸವಿದ್ದವಳನ್ನು ಹತ್ತು ಜನರು ಹೆಸರು ಹಿಡಿದು ಕರೆಯುವರು; ಅವಳು ಒಂದು ದಿನ ಬಾರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುವ ಹಿರಿಯರು ಇರುವರು. ವಿದ್ಯಾರ್ಥಿಗಳ ಜೀವನವನ್ನು ಬಹುಕಾಲ ಪರಿಶೀಲಿಸಿದ ಅಲೆಗ್ಸಾಂಡರ್ ಆಸ್ಟಿನ್ ಎಂಬ ವಿದ್ವಾಂಸನು ೧೯೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆವರಣದೊಳಗಿನ ಅರೆಹೊತ್ತಿನ ಕೆಲಸಕ್ಕೂ ಪದವಿಯನ್ನು ಪೂರೈಸುವುದಕ್ಕೂ ಒಳ್ಳೆಯ ಸಂಬಂಧವಿದೆಯೆಂದೂ, ಹೊರಗೆ ಪೂರ್ಣಹೊತ್ತು ದುಡಿಯುವುದು ಇದಕ್ಕೆ ಪ್ರತಿಕೂಲವೆಂದೂ ತೋರಿಸಿದ್ದಾನೆ.

ನಾಲ್ಕನೆಯದು ಮುಂದಿನ ಜೀವನಕ್ಕೆ ಸಿದ್ಧತೆ. ಓದು ಮುಗಿದ ಮೇಲೆ ಕೆಲಸಕ್ಕೆ ಅರ್ಜಿ ಹಾಕಿದಾಗ, ಅವಳ ನಡತೆಯನ್ನೂ ಶ್ರದ್ಧೆಯನ್ನೂ ಕಣ್ಣಾರೆ ಕಂಡವರು ಬರೆದುಕೊಡುವ ಯೋಗ್ಯತಾಪತ್ರಕ್ಕೆ ತೂಕವುಂಟು. ಅಲ್ಲದೆ, ಪ್ರಯೋಗಶಾಲೆಯ ಕೆಲಸದಿಂದ ಒಬ್ಬಳಿಗೆ ಸಂಶೋಧನೆಯಲ್ಲಿಯೂ, ಪಾಠ ಹೇಳಿಕೊಟ್ಟುದರಿಂದ ಮತ್ತೊಬ್ಬಳಿಗೆ ಉಪಾಧ್ಯಾಯ ವೃತ್ತಿಯಲ್ಲಿಯೂ ಒಲವು ಹುಟ್ಟಬಹುದು. ತನಗೆ ಒಗ್ಗದ ವೃತ್ತಿಯಾವುದೆಂದು ಬೇಗನೆ ತಿಳಿಯುವುದೂ ಲಾಭವೇ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಔಷಧವೂ ಅಳತೆ ಮೀರಿದರೆ ವಿಷವಾಗುವುದು. ವಾರಕ್ಕೆ ಹತ್ತರಿಂದ ಹದಿನೈದು ತಾಸಿನ ಕೆಲಸವು ಸಾಮಾನ್ಯವಾಗಿ ಓದಿಗೆ ತೊಂದರೆ ಕೊಡಲಾರದು. ಇಪ್ಪತ್ತು ತಾಸು ದಾಟಿತೆಂದರೆ ನಿದ್ರೆಯೂ ಓದೂ ಆರೋಗ್ಯವೂ ಕುಂದುವ ಸಂಭವ ಹೆಚ್ಚು. ಅಮೇರಿಕಕ್ಕೆ ವಿದ್ಯಾರ್ಥಿ ವೀಸಾದ ಮೇಲೆ ಹೋದವರು ಪಾಠಗಳು ನಡೆಯುವ ಕಾಲದಲ್ಲಿ ಆವರಣದೊಳಗೆ ವಾರಕ್ಕೆ ಇಪ್ಪತ್ತು ತಾಸಿಗಿಂತ ಹೆಚ್ಚಾಗಿ ದುಡಿಯಕೂಡದೆಂದು ಅಲ್ಲಿಯ ಕಟ್ಟಳೆಯುಂಟು. ಮೊದಲ ವರ್ಷದಲ್ಲಿ ಹೊರಗಿನ ಕೆಲಸಕ್ಕೆ ಅನುಮತಿಯೇ ಇಲ್ಲ. ಮೇಲೆ ಹೇಳಿದ ಸರ್ಕಾರದ ಸಹಾಯವೂ ಇಂಥ ಪರದೇಶದ ವಿದ್ಯಾರ್ಥಿಗಳಿಗೆ ದೊರೆಯದು. ಕಾಲೇಜು ತನ್ನ ಸ್ವಂತ ಹಣದಿಂದ ಕೊಡುವ ಕೆಲಸವನ್ನೇ ಅವರು ಹುಡುಕಬೇಕು. ಹಣದಾಸೆಯಿಂದ ಗುಟ್ಟಾಗಿ ಹೊರಗೆ ದುಡಿದವಳು ವೀಸಾವನ್ನೂ ವಿದ್ಯೆಯನ್ನೂ ಒಟ್ಟಿಗೆ ಕಳೆದುಕೊಳ್ಳಬಹುದು. ಸಾಲಮಾಡಿ ಕಳುಹಿಸುವ ತಂದೆತಾಯಿಗಳು, “ಅಲ್ಲಿ ದುಡಿದು ಎಲ್ಲವನ್ನೂ ತೀರಿಸುವಳು” ಎಂದು ಲೆಕ್ಕ ಹಾಕದೆ, ಈ ಮಿತಿಯನ್ನು ಮೊದಲೇ ತಿಳಿದುಕೊಂಡಿರತಕ್ಕದ್ದು.

ಮತ್ತೊಂದು ಮಾತು. ಕೆಲಸವನ್ನು ಆರಿಸುವಾಗ ಕೂಲಿಯೊಂದನ್ನೇ ನೋಡದೆ, ರಾತ್ರಿ ಹಿಂದಿರುಗುವ ದಾರಿ ಸುರಕ್ಷಿತವೇ, ಪರೀಕ್ಷೆಯ ವಾರದಲ್ಲಿ ಬಿಡುವು ಕೊಡುವರೇ, ಮೇಲಿನವರು ಗೌರವದಿಂದ ನಡೆಸಿಕೊಳ್ಳುವರೇ ಎಂದು ವಿಚಾರಿಸಬೇಕು. ಗೌರವವಿಲ್ಲದ ಕಡೆ ಒಂದು ದಿನವೂ ನಿಲ್ಲಬೇಕಾದ ಅಗತ್ಯವಿಲ್ಲ.

ತಾಯಂದಿರೇ, ತಂದೆಗಳೇ, ಮಗಳು ದುಡಿಯುತ್ತೇನೆಂದಾಗ ಅದನ್ನು ಮನೆತನಕ್ಕೆ ಬಂದ ಕೊರತೆಯೆಂದು ಭಾವಿಸದಿರಿ. ನೆಂಟರ ಮುಂದೆ ಅದನ್ನು ಮರೆಮಾಚಲೂಬೇಡಿರಿ. ನೀವು ಮರೆಮಾಚಿದರೆ ತಾನು ಮಾಡುತ್ತಿರುವುದು ಹೀನವಾದ ಕೆಲಸವೆಂದು ಅವಳೂ ನಂಬುವಳು. ಎಷ್ಟು ತಾಸು ದುಡಿಯುತ್ತೀ, ಎಷ್ಟು ತಾಸು ನಿದ್ರೆಮಾಡುತ್ತೀ ಎಂದು ಮಾತ್ರ ತಪ್ಪದೆ ಕೇಳಿರಿ. ಪ್ರಿಯ ಸಹೋದರಿಯರೇ, ನಿಮ್ಮಲ್ಲಿ ಕಾಲೇಜುಗಳಲ್ಲಿ ಅಧಿಕಾರದ ಸ್ಥಾನದಲ್ಲಿರುವವರು ನಿಮ್ಮ ಪುಸ್ತಕಾಲಯದಲ್ಲಿಯೋ ಕಚೇರಿಯಲ್ಲಿಯೋ ಒಬ್ಬ ಬಡ ಹುಡುಗಿಗೆ ದಿನಕ್ಕೆರಡು ತಾಸಿನ ಕೆಲಸವನ್ನು ನ್ಯಾಯವಾದ ಕೂಲಿಯೊಡನೆ ಕೊಡುವುದು ಸಾಧ್ಯವೇ ನೋಡಿರಿ. ಅದು ದಾನವಾಗದು, ಆದರೆ ದಾನದಿಂದ ಆಗದಿರುವುದು ಅದರಿಂದ ಆಗುವುದು. ಪದವಿಯ ದಿನ ಅವಳು ತನ್ನ ವಿದ್ಯೆಯಲ್ಲಿ ತನ್ನ ಕೈಯ ಪಾಲೂ ಇದೆಯೆಂದು ತಲೆಯೆತ್ತಿ ನಡೆಯುವಳು.