ಹರ್ಪಿಸ್: ಮರಳಿ ಮರಳಿ ಬರುವ ಬೊಕ್ಕೆ

ಜ್ವರ ಇಳಿದ ಮೇಲೆ ತುಟಿಯ ಅಂಚಿನಲ್ಲಿ ಸಣ್ಣ ನೀರುಗುಳ್ಳೆಗಳು ಗೊಂಚಲಾಗಿ ಏಳುವುದನ್ನು ಓದುಗರಲ್ಲಿ ಬಹುಮಂದಿ ಕಂಡಿರಬಹುದು. ಮೊದಲು ಚುರುಚುರು ಎನ್ನುವ ಉರಿ, ಬಳಿಕ ಬೊಕ್ಕೆ, ಅದು ಒಡೆದು ಹುಣ್ಣು, ಅನಂತರ ಹಕ್ಕಳೆ. ವಾರ ಹತ್ತು ದಿನಗಳಲ್ಲಿ ಎಲ್ಲವೂ ಮಾಯ. ಕೆಲವು ತಿಂಗಳು ಕಳೆದರೆ ಬಹುಮಟ್ಟಿಗೆ ಅದೇ ಸ್ಥಳದಲ್ಲಿ ಅದೇ ಗೊಂಚಲು ಮತ್ತೆ ತಲೆದೋರುತ್ತದೆ. ಈ ಬೇನೆಗೆ ಹರ್ಪಿಸ್ ಸಿಂಪ್ಲೆಕ್ಸ್ ಎಂದು ಹೆಸರು. ‘ತೆವಳು’ ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಮಾತು ಇದು. ಸಂಸ್ಕೃತದ ‘ಸೃಪ್’ ಧಾತುವೂ ಅದೂ ಒಂದೇ ಮೂಲದವು. ನಮ್ಮ ‘ಸರ್ಪ’ವೂ ಅಲ್ಲಿಂದ ಹುಟ್ಟಿದ್ದೇ. ಆದರೆ ನಾವು ಸರ್ಪಸುತ್ತು ಎನ್ನುವ ರೋಗ ಇದರ ದಾಯಾದಿಯೇ ಹೊರತು ಇದಲ್ಲ. ಅದನ್ನುಂಟುಮಾಡುವುದು ಸೀತಾಳೆ ಸಿಡುಬಿನ ವೈರಸ್.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನಲ್ಲಿ ಎರಡು ಬಗೆ. ಮೊದಲನೆಯದು ಹೆಚ್ಚಾಗಿ ಬಾಯಿಯ ಸುತ್ತಲೂ ಎರಡನೆಯದು ಹೆಚ್ಚಾಗಿ ಜನನೇಂದ್ರಿಯಗಳ ಬಳಿಯಲ್ಲಿಯೂ ನೆಲಸುತ್ತವೆ. ಈ ಗಡಿ ಕಟ್ಟುನಿಟ್ಟಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ನೆಯ ವರ್ಷಕ್ಕೆ ಮಾಡಿದ ಅಂದಾಜಿನಂತೆ, 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಮೊದಲನೆಯ ಬಗೆಯೂ, 15ರಿಂದ 49 ವರ್ಷದವರಲ್ಲಿ ಸುಮಾರು 52 ಕೋಟಿ ಜನರಲ್ಲಿ ಎರಡನೆಯ ಬಗೆಯೂ ಇದ್ದವು. ಇವರಲ್ಲಿ ಬಹುಪಾಲು ಜನಕ್ಕೆ ತಮ್ಮಲ್ಲಿ ಅದು ಇದೆಯೆಂಬುದೇ ತಿಳಿಯದು. ಎಷ್ಟೋ ಜನ ಮೊದಲನೆಯ ಬಗೆಯನ್ನು ಶೈಶವದಲ್ಲಿ ಹಿರಿಯರ ಮುತ್ತಿನೊಡನೆಯೇ ಪಡೆದವರು!

ಗುಣವಾದ ಬೊಕ್ಕೆ ಮರಳಿ ಬರುವುದು ಎಲ್ಲಿಂದ? ಹೊಸದಾಗಿ ಸೋಂಕು ತಗುಲಿತೆಂದು ತಿಳಿಯುವುದು ಸಹಜ. ಆದರೆ ನಿಜ ಸಂಗತಿ ಬೇರೆ. ಮುಖಕ್ಕೆ ಮೂರು ಕವಲಾಗಿ ಹರಡುವ ನರದ ಮೇಲೆ ಶಸ್ತ್ರಕ್ರಿಯೆ ನಡೆಸಿದಾಗ ಕೆಲವು ರೋಗಿಗಳಲ್ಲಿ ಬೊಕ್ಕೆಗಳೇಳುವುದನ್ನು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರು 1905ರಲ್ಲಿ ಬರೆದಿಟ್ಟರು. ಸುಳಿವು ದೊರೆಯಿತು; ಪ್ರಮಾಣ ದೊರೆಯಲು ಅರವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. 1971ರಲ್ಲಿ ಸ್ಟೀವನ್ಸ್ ಮತ್ತು ಕುಕ್ ಎಂಬ ವಿಜ್ಞಾನಿಗಳು ಇಲಿಗಳ ಪಾದಕ್ಕೆ ಈ ವೈರಸ್ಸನ್ನು ಚುಚ್ಚಿ, ಅವು ಚೇತರಿಸಿಕೊಂಡ ಮೇಲೆ ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ಪರೀಕ್ಷಿಸಿದರು. ಗಂಟನ್ನು ಅರೆದು ನೋಡಿದರೆ ವೈರಸ್ ಇಲ್ಲ. ಅದೇ ಗಂಟನ್ನು ಜೀವಂತವಾಗಿ ಕೃಷಿಪಾತ್ರೆಯಲ್ಲಿ ಬೆಳೆಸಿದರೆ ಕೆಲವು ದಿನಗಳಲ್ಲಿ ವೈರಸ್ ಹೊರಬಿತ್ತು. ಅಂದರೆ ಅದು ಪೂರ್ಣ ಕಣವಾಗಿರದೆ, ತನ್ನ ಡಿ.ಎನ್.ಎ. ಎಳೆಯನ್ನು ಮಾತ್ರ ನರಕೋಶದಲ್ಲಿರಿಸಿ ಅಜ್ಞಾತವಾಸ ಮಾಡುತ್ತಿತ್ತು. ಆ ಸ್ಥಿತಿಯಲ್ಲಿ ಅದು ತನ್ನ ಪ್ರೋಟೀನುಗಳನ್ನು ಬಹುಮಟ್ಟಿಗೆ ತಯಾರಿಸುವುದೇ ಇಲ್ಲವಾದುದರಿಂದ ದೇಹದ ರಕ್ಷಕ ಕಣಗಳಿಗೆ ಗುರುತು ಸಿಕ್ಕುವುದಿಲ್ಲ. ಜ್ವರ, ಕಡುಬಿಸಿಲು, ದೇಹಾಯಾಸ, ಸ್ತ್ರೀಯರಲ್ಲಿ ಮುಟ್ಟು, ಇಂಥ ಯಾವುದಾದರೊಂದು ನೆಪದಿಂದ ಅದು ಎಚ್ಚೆತ್ತರೆ, ನರದ ಎಳೆಯ ಗುಂಟ ಚರ್ಮಕ್ಕೆ ಇಳಿಯುತ್ತದೆ. ವರ್ಷಗಳು ಕಳೆದಂತೆ ಈ ಮರುಕಳಿಕೆಗಳು ಸಾಮಾನ್ಯವಾಗಿ ವಿರಳವಾಗುತ್ತವೆ.

ರೋಗಿಯನ್ನು ನೋವಿಗಿಂತ ಹೆಚ್ಚಾಗಿ ಕಾಡುವುದು, ತನ್ನಿಂದ ಇತರರಿಗೆ ಅಂಟೀತೆಂಬ ಚಿಂತೆ. ಬೊಕ್ಕೆಗೆ ಮುಂಚಿನ ಉರಿಯಿಂದ ಹಿಡಿದು ಹಕ್ಕಳೆ ಉದುರುವವರೆಗೆ ಅಪಾಯ ಅಧಿಕ. ಆದರೆ ಹುಣ್ಣಿಲ್ಲದ ದಿನಗಳಲ್ಲಿಯೂ ವೈರಸ್ ಸದ್ದಿಲ್ಲದೆ ಚರ್ಮದ ಮೇಲಕ್ಕೆ ಬರುವುದುಂಟು. ಎಷ್ಟೋ ಸೋಂಕುಗಳು ಹರಡುವುದು ಹೀಗೆಯೇ. ಇದು ಹರಡಲು ಚರ್ಮಕ್ಕೆ ಚರ್ಮ ತಾಗಬೇಕು, ಇಲ್ಲವೆ ಜೊಲ್ಲು ತಾಗಬೇಕು. 1989ರಲ್ಲಿ ಅಮೆರಿಕದ ಮಿನೆಸೋಟದ ಒಂದು ಕುಸ್ತಿ ಶಿಬಿರದಲ್ಲಿ 175 ಹುಡುಗರ ಪೈಕಿ 60 ಮಂದಿಗೆ ಮೊದಲನೆಯ ಬಗೆ ಅಂಟಿತು. ಪಟ್ಟು ಹಿಡಿಯುವಾಗ ಮುಖಕ್ಕೆ ಮುಖ ಉಜ್ಜಿದುದೇ ಇದಕ್ಕೆ ಕಾರಣ. ಶೌಚದ ಪೀಠ, ಹಾಸಿಗೆ, ಈಜುಕೊಳ ಇವುಗಳಿಂದ ಈ ರೋಗ ಹರಡುವುದಿಲ್ಲ. ಕೊಬ್ಬಿನ ಹೊದಿಕೆಯ ಈ ವೈರಸ್ ಹೊರಗೆ ಬಹು ದುರ್ಬಲ. ರೋಗಿಗೆ ಬೇರೆ ಮೂಲೆ, ಬೇರೆ ಚಾಪೆ ಹಾಕುವುದು ನಿಷ್ಕಾರಣ ಕ್ರೌರ್ಯ. ತುಟಿಯಲ್ಲಿ ಬೊಕ್ಕೆಯಿರುವಾಗ ಲೋಟವನ್ನು ಎಂಜಲು ಮಾಡಿ ಹಂಚಿಕೊಳ್ಳದಿದ್ದರೆ, ಯಾರನ್ನೂ ಮುದ್ದಿಸದಿದ್ದರೆ ಸಾಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮದುವೆಯಾಗಿ ಹಲವು ವರ್ಷಗಳಾದ ಮೇಲೆ ಗಂಡನಿಗೋ ಹೆಂಡತಿಗೋ ಮೊದಲ ಬಾರಿಗೆ ಜನನೇಂದ್ರಿಯದ ಬಳಿ ಬೊಕ್ಕೆ ಕಾಣಿಸಿಕೊಳ್ಳಬಹುದು. ‘ಇದು ಎಲ್ಲಿಂದ ಬಂತು?’ ಎಂಬ ಒಂದೇ ಪ್ರಶ್ನೆಯಿಂದ ಸಂಸಾರ ಒಡೆದೀತು. ವೈರಸ್ ದೇಹವನ್ನು ಹೊಕ್ಕೊಡನೆ ಬೊಕ್ಕೆ ಏಳಲೇಬೇಕೆಂಬ ನಿಯಮವಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಮೊದಲ ಬಾರಿಗೆ ಕಾಣಿಸಿಕೊಳ್ಳುವುದುಂಟು. ತುಟಿಯ ಬಗೆಯೇ ಬಾಯಿಯ ಸಂಪರ್ಕದಿಂದ ಅಲ್ಲಿಗೆ ಹೋಗಿರಲೂಬಹುದು. ಆದುದರಿಂದ ಇಂದು ಕಂಡ ಹುಣ್ಣು ನಿನ್ನೆಯ ದ್ರೋಹಕ್ಕೆ ಸಾಕ್ಷಿಯಾಗಲಾರದು.

ಈ ವೈರಸ್ಸನ್ನು ದೇಹದಿಂದ ಹೊರಗಟ್ಟುವ ಔಷಧ ಇನ್ನೂ ದೊರೆತಿಲ್ಲ, ಲಸಿಕೆಯೂ ಬಂದಿಲ್ಲ. ಅದನ್ನು ಹತ್ತಿಕ್ಕುವ ಔಷಧವಾದರೋ ಬಹು ಜಾಣತನದ್ದು. ಗರ್ಟ್ರೂಡ್ ಎಲಿಯನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಅಸೈಕ್ಲೊವಿರ್ ಆರೋಗ್ಯವಂತ ಜೀವಕೋಶದಲ್ಲಿ ಬಹುತೇಕ ನಿಷ್ಕ್ರಿಯವಾಗಿರುತ್ತದೆ. ವೈರಸ್ಸಿನದೇ ಆದ ಒಂದು ಕಿಣ್ವ ತಾಗಿದಾಗ ಅದು ಚುರುಕಾಗಿ, ಬೆಳೆಯುತ್ತಿರುವ ವೈರಸ್ಸಿನ ಡಿ.ಎನ್.ಎ. ಸರಪಳಿಗೆ ಸೇರಿ ಅದನ್ನು ಅಲ್ಲಿಯೇ ತುಂಡರಿಸುತ್ತದೆ. ಕಳ್ಳನ ಕೈಯಿಂದಲೇ ಬೀಗ ಹಾಕಿಸಿದಂತೆ! ಎಲಿಯನ್ ಅವರು 1988ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡರು. ಇದರ ಸಂಬಂಧಿಯಾದ ವಾಲಸೈಕ್ಲೊವಿರನ್ನು 1484 ದಂಪತಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಪ್ರತಿ ಜೋಡಿಯಲ್ಲಿಯೂ ಒಬ್ಬರಿಗೆ ಮಾತ್ರ ಎರಡನೆಯ ಬಗೆಯ ಸೋಂಕಿತ್ತು. ಆ ಸೋಂಕಿತರು ಎಂಟು ತಿಂಗಳು ದಿನವೂ ಗುಳಿಗೆ ನುಂಗಿದರು. ಹುಸಿಗುಳಿಗೆಯ ಗುಂಪಿನಲ್ಲಿ 27 ಸಂಗಾತಿಗಳಿಗೂ ನಿಜವಾದ ಔಷಧದ ಗುಂಪಿನಲ್ಲಿ 14 ಸಂಗಾತಿಗಳಿಗೂ ಸೋಂಕು ತಗುಲಿತು. ಕಾಂಡೋಮ್ ಬಳಸಿದರೆ ಅಪಾಯ ಇನ್ನೂ ತಗ್ಗುತ್ತದೆ. ಅದು ಮುಚ್ಚದ ಚರ್ಮವೂ ಉಂಟಾದುದರಿಂದ ಪೂರ್ತಿ ಅಳಿಯದು. ಈ ಉಪಾಯಗಳೆಲ್ಲ ಫಲಿಸಬೇಕಾದರೆ ಸೋಂಕಿತರು ಸಂಗಾತಿಗೆ ಮೊದಲೇ ವಿಷಯ ತಿಳಿಸಿರಬೇಕು.

ಎರಡು ಎಡೆಗಳಲ್ಲಿ ಮಾತ್ರ ಔದಾಸೀನ್ಯ ಸಲ್ಲದು. ಕಣ್ಣು ಕೆಂಪಾಗಿ ನೋಯತೊಡಗಿದರೆ ಹರ್ಪಿಸ್ ಇದ್ದವರು ಅಂಗಡಿಯ ಸ್ಟೀರಾಯ್ಡ್ ಹನಿಗಳನ್ನು ತಾವೇ ಹಾಕಿಕೊಳ್ಳಕೂಡದು. ಅದರಿಂದ ಕಾರ್ನಿಯದ ಹುಣ್ಣು ಬೆಳೆದು ದೃಷ್ಟಿಗೆ ಧಕ್ಕೆಯಾದೀತು. ಇನ್ನೊಂದು ಎಡೆ ನವಜಾತ ಶಿಶು. ಹಸುಗೂಸಿಗೆ ಈ ಸೋಂಕು ಮಾರಕವಾಗಬಲ್ಲದು. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಮೊದಲ ಬಾರಿ ಸೋಂಕು ತಗುಲಿದರೆ ಭಯ ಹೆಚ್ಚು. ಹಳೆಯ ಸೋಂಕಿನ ತಾಯಿಯಿಂದ ಮಗುವಿಗೆ ರಕ್ಷಕ ಪ್ರತಿವಸ್ತುಗಳು ದೊರೆಯುವುದರಿಂದ ಭಯ ಬಹಳ ಕಡಿಮೆ. ವೈದ್ಯರಿಗೆ ಮುಂಚೆಯೇ ತಿಳಿಸಿದ್ದರೆ ಅವರು ಕೊನೆಯ ವಾರಗಳಲ್ಲಿ ಔಷಧ ಕೊಡುವರು. ಹೆರಿಗೆಯ ಹೊತ್ತಿಗೆ ಹುಣ್ಣು ಕಂಡರೆ ಶಸ್ತ್ರಕ್ರಿಯೆಯಿಂದ ಮಗುವನ್ನು ಹೊರತೆಗೆಯುವರು. ತುಟಿಯಲ್ಲಿ ಬೊಕ್ಕೆಯಿರುವ ಅತ್ತೆಯಾಗಲಿ ಮಾವನಾಗಲಿ ತೊಟ್ಟಿಲ ಮಗುವಿಗೆ ಮುತ್ತಿಡದೆ ಇರಬೇಕು. ಹಕ್ಕಳೆ ಉದುರಿ ಚರ್ಮ ಮೊದಲಿನಂತಾಗುವವರೆಗೆ ಅವರು ದೂರದಿಂದಲೇ ನೋಡಿ ಸಂತೋಷಪಡಲಿ.