ತಟಸ್ಥ ನೋಟದ ನೆಲೆಗಳು: ‘ನ್ಯೂ ಟೊಪೊಗ್ರಾಫಿಕ್ಸ್’ ಪ್ರದರ್ಶನ ಮತ್ತು ಅಮೆರಿಕದ ಉಪನಗರ

ನಮ್ಮ ಕಾವ್ಯಮೀಮಾಂಸೆಯ ಅಷ್ಟಾದಶ ವರ್ಣನೆಗಳಲ್ಲಿ ನಗರಕ್ಕೆ ಒಂದು ಸ್ಥಾನವಿದೆ, ಶೈಲಕ್ಕೆ ಇನ್ನೊಂದು. ಇವೆರಡರ ನಡುವೆ ಬಿದ್ದಿರುವ, ಪೂರ್ಣ ನಗರವೂ ಅಲ್ಲದ ನಿಸರ್ಗವಾಗಿಯೂ ಉಳಿಯದ ನೆಲವನ್ನು ವರ್ಣಿಸುವ ಬಗೆ ಯಾವುದು? ಉಪನಗರವು ಒಡ್ಡುವ ಈ ಪ್ರಶ್ನೆಯನ್ನು ಛಾಯಾಗ್ರಹಣ ಎದುರಿಸಿದ ರೀತಿಯನ್ನು, 1975ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್‌ನಲ್ಲಿ ವಿಲಿಯಂ ಜೆಂಕಿನ್ಸ್ ಸಂಯೋಜಿಸಿದ ‘ನ್ಯೂ ಟೊಪೊಗ್ರಾಫಿಕ್ಸ್’ ಪ್ರದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾನವನಿಂದ ಮಾರ್ಪಟ್ಟ ಭೂದೃಶ್ಯ ಎಂಬುದು ಪ್ರದರ್ಶನದ ಉಪಶೀರ್ಷಿಕೆಯ ಆಶಯ. ಇದರಲ್ಲಿ ಭಾಗವಹಿಸಿದ್ದ ಹತ್ತು ಮಂದಿಯಲ್ಲಿ ಜರ್ಮನಿಯ ಬೆಷರ್ ದಂಪತಿಗಳನ್ನು ಬಿಟ್ಟರೆ ಉಳಿದವರೆಲ್ಲ ಅಮೆರಿಕದವರು. ಸ್ಟೀಫನ್ ಶೋರ್ ಒಬ್ಬರ ಚಿತ್ರಗಳು ಮಾತ್ರ ವರ್ಣದಲ್ಲಿದ್ದವು. ಅದಕ್ಕೆ ಹಿಂದಿನ ಅಮೆರಿಕದ ಭೂದೃಶ್ಯ ಛಾಯಾಗ್ರಹಣವೆಂದರೆ ಬಹುಮಟ್ಟಿಗೆ ಆನ್ಸೆಲ್ ಆಡಮ್ಸ್‌ನ ಯೊಸೆಮಿಟಿ: ಭವ್ಯ ಶಿಖರ, ನಿರ್ಮಲ ಆಕಾಶ, ಮನುಷ್ಯನ ಸುಳಿವಿಲ್ಲದ ನಿಸರ್ಗ. ಹೊಸಬರು ಆ ಚೌಕಟ್ಟಿನಿಂದ ಹೊರಗುಳಿದಿದ್ದ ವಿದ್ಯುತ್ ಕಂಬ, ವಾಹನ ನಿಲುಗಡೆಯ ಜಾಗ ಮತ್ತು ಒಂದೇ ಅಚ್ಚಿನ ಮನೆಗಳನ್ನು ಒಳತಂದರು. ಹೊಗಳಿಕೆಯೂ ಇಲ್ಲದ ತೆಗಳಿಕೆಯೂ ಇಲ್ಲದ ಈ ನಿರೂಪಣೆಯನ್ನು ಜೆಂಕಿನ್ಸ್ ಒಂದು ಶೈಲಿಯ ಪ್ರಶ್ನೆಯಾಗಿ ಮಂಡಿಸಿದ. ಈ ಮಂಡನೆ ಅರ್ಧ ಮಾತ್ರ ಸರಿ ಎಂದು ನನ್ನ ಅಭಿಪ್ರಾಯ.

ರಾಬರ್ಟ್ ಆಡಮ್ಸ್‌ನನ್ನೇ ನೋಡಬಹುದು. (ಆನ್ಸೆಲ್‌ಗೂ ಇವನಿಗೂ ಹೆಸರಿನ ಹೊರತು ಸಂಬಂಧವಿಲ್ಲ.) ಈತ ಮೂಲತಃ ನಮ್ಮಂತೆಯೇ ಸಾಹಿತ್ಯದ ಮೇಷ್ಟರು, ಕೊಲೊರಾಡೊ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನು. 1974ರ ಅವನ ‘ದಿ ನ್ಯೂ ವೆಸ್ಟ್’ ಪುಸ್ತಕದಲ್ಲಿ 1968ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ತೆಗೆದ ಒಂದು ಚಿತ್ರವಿದೆ. ಎದುರಿನಿಂದ ಕಾಣುವ ಒಂದಂತಸ್ತಿನ ಸಾಧಾರಣ ಮನೆ. ಕಿಟಕಿಯ ಚೌಕಟ್ಟಿನೊಳಗೆ ಒಬ್ಬ ಹೆಂಗಸಿನ ಕಪ್ಪು ಆಕೃತಿ. ಮುಖ ಕಾಣುವುದಿಲ್ಲ, ಅವಳೇನು ಮಾಡುತ್ತಿದ್ದಾಳೆಂದೂ ತಿಳಿಯುವುದಿಲ್ಲ. ಇದನ್ನು ನಿರ್ಭಾವದ ಚಿತ್ರವೆನ್ನಲಾಗದು. ಮನೆಯ ಚೌಕಗಳು ಎಷ್ಟು ಅಚ್ಚುಕಟ್ಟಾಗಿವೆಯೋ ಅವಳ ಒಂಟಿತನ ಅಷ್ಟೇ ತೀವ್ರವಾಗಿ ತಟ್ಟುತ್ತದೆ. ಭಾವ ಇಲ್ಲಿ ಇಲ್ಲವೆಂದಲ್ಲ. ಅದನ್ನು ವಾಚ್ಯವಾಗಿಸದೆ ಧ್ವನಿಗೆ ಬಿಡಲಾಗಿದೆ. ಮೇಲಿನ ಬೆಳಕು ಪರ್ವತದ ಮೇಲೆ ಬೀಳುವಂಥದೇ ಬೆಳಕು. ಆಡಮ್ಸ್ ಅದನ್ನು ಹಾಳಾದ ನೆಲಕ್ಕೂ ನಿರಾಕರಿಸುವುದಿಲ್ಲ.

ಲೂಯಿಸ್ ಬಾಲ್ಟ್ಸ್ ಇದಕ್ಕಿಂತ ಕಠಿಣ. ಕ್ಯಾಲಿಫೋರ್ನಿಯಾದ ಇರ್ವೈನ್ ಸಮೀಪದ ಹೊಸ ಕೈಗಾರಿಕಾ ಕಟ್ಟಡಗಳ ಅವನ ಚಿತ್ರಗಳಲ್ಲಿ ಗೋಡೆಯೇ ಸರ್ವಸ್ವ. ಒಳಗೆ ಏನು ತಯಾರಾಗುತ್ತದೆ ಎಂಬುದನ್ನು ಗೋಡೆ ಹೇಳುವುದಿಲ್ಲ.

ಹೀಗೆ ಹೇಳದಿರುವುದರಲ್ಲಿಯೇ ಈ ವಿಧಾನದ ಮಿತಿಯೂ ಇದೆ. 1947ರಲ್ಲಿ ಲಾಂಗ್ ಐಲೆಂಡ್‌ನಲ್ಲಿ ಆರಂಭವಾದ ಲೆವಿಟೌನ್ ಯುದ್ಧೋತ್ತರ ಉಪನಗರಗಳಿಗೆ ಮಾದರಿಯಾಯಿತು. ಅಲ್ಲಿನ ಕರಾರುಗಳು ಕಪ್ಪುಜನರ ವಾಸವನ್ನು ನಿಷೇಧಿಸಿದ್ದವು. ವಸತಿಯಲ್ಲಿ ಜನಾಂಗೀಯ ತಾರತಮ್ಯವನ್ನು ತಡೆಯುವ ಒಕ್ಕೂಟ ಕಾಯ್ದೆ ಬಂದದ್ದು 1968ರಲ್ಲಿ. ಮನೆಗಳ ಏಕರೂಪತೆಯನ್ನು ಕ್ಯಾಮರಾ ಹಿಡಿಯಬಲ್ಲದು. ನಿವಾಸಿಗಳ ಏಕರೂಪತೆಯನ್ನು ಸೃಷ್ಟಿಸಿದ ಕಾಗದಪತ್ರವನ್ನು ಖಾಲಿ ಗೋಡೆಯ ಮೇಲೆ ಓದಲಾಗದು. ಜನರನ್ನು ಬಹುಪಾಲು ಹೊರಗಿಟ್ಟ ಚಿತ್ರದಲ್ಲಿ, ಯಾರನ್ನು ಅಲ್ಲಿಂದ ಮೊದಲೇ ಹೊರಗಿಡಲಾಗಿತ್ತು ಎಂಬ ಪ್ರಶ್ನೆ ಹುಟ್ಟುವುದೂ ಕಷ್ಟ.

ಈ ಸಂದರ್ಭದಲ್ಲಿ ಪ್ರದರ್ಶನದಲ್ಲಿ ಸೇರದಿದ್ದ ಬಿಲ್ ಓವನ್ಸ್‌ನನ್ನು ನೆನೆಯಬೇಕು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಪತ್ರಿಕಾ ಛಾಯಾಗ್ರಾಹಕನಾಗಿದ್ದ ಈತ 1970ರ ದಶಕದ ಆರಂಭದ ‘ಸಬರ್ಬಿಯಾ’ ಪುಸ್ತಕದಲ್ಲಿ ಮನೆಯೊಳಕ್ಕೆ ಹೋಗಿ, ಚಿತ್ರದ ಜೊತೆಗೆ ಅಲ್ಲಿಯವರ ಮಾತುಗಳನ್ನೇ ಅಚ್ಚಿಸಿದ. ಅವರಲ್ಲಿ ಹಲವರು ತಮ್ಮ ಬದುಕಿನ ಬಗ್ಗೆ ತೃಪ್ತರು! ಹೊರಗಿನಿಂದ ನೋಡಿ ಮರುಗಲು ಸಿದ್ಧನಾಗಿ ಬಂದ ಓದುಗನನ್ನು ಈ ತೃಪ್ತಿ ಇರಿಸುಮುರಿಸಿಗೆ ಒಳಪಡಿಸುತ್ತದೆ. ಆಡಮ್ಸ್‌ನ ಕಿಟಕಿಯಲ್ಲಿರುವ ಹೆಂಗಸಿಗೆ ನಾವು ಒಂಟಿತನವನ್ನು ಆರೋಪಿಸುತ್ತೇವೆ. ಓವನ್ಸ್‌ನ ಪುಸ್ತಕದಲ್ಲಿಯಾದರೆ ಅವಳು ಬಾಯಿಬಿಟ್ಟು ನಮ್ಮನ್ನು ತಿದ್ದಬಹುದಿತ್ತು.