ಹೊಸ ಬಡಾವಣೆ: ನಿವೇಶನಕ್ಕಿಂತ ಮೊದಲು ಬೀದಿ

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು 1890ರ ದಶಕದಲ್ಲಿ ರೂಪುಗೊಂಡವು. 1898ರ ಪ್ಲೇಗ್ ಹಾವಳಿ ಇವುಗಳ ಬೆಳವಣಿಗೆಗೆ ವೇಗ ಕೊಟ್ಟಿತು. ಗಾಳಿ ಬೆಳಕಿಗಾಗಿ ಅಗಲ ಬೀದಿಗಳು, ಮೇನ್ ರಸ್ತೆಗಳನ್ನು ಕತ್ತರಿಸುವ ಕ್ರಾಸ್ ರಸ್ತೆಗಳು, ಮನೆಗಳ ಹಿಂದೆ ಮಲ ಸಾಗಿಸಲೆಂದೇ ಬಿಟ್ಟ ಕನ್ಸರ್ವೆನ್ಸಿ ಓಣಿ ಇವುಗಳ ಗುರುತು. ಆ ಓಣಿಗಳು ಕೆಲವೆಡೆ ಇಂದಿಗೂ ಉಳಿದಿವೆ.

ಇಂದು ಹೊಸ ಬಡಾವಣೆ ಮಾಡುವಾಗ ಕಾನೂನಿನ ಎರಡು ಕಲಮುಗಳನ್ನು ಬೇರೆಬೇರೆಯಾಗಿ ನೆನಪಿಡಿ. ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಕಲಮಿನಂತೆ ನಿವೇಶನ ವಿಭಜನೆಗೂ ಖಾಸಗಿ ಬೀದಿ ರಚನೆಗೂ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ, 1976ರಲ್ಲಿ ಹೊಸ ಬಡಾವಣೆ, ಖಾಸಗಿ ಬೀದಿಗಳಿಗೆ ಸಂಬಂಧಿಸಿದ್ದು 32ನೇ ಕಲಮು.

ಈ ಕಲಮುಗಳಿಗಿಂತ ಬದುಕಿಗೆ ಹೆಚ್ಚು ಬೇಕಾದದ್ದು ಸಂಪರ್ಕ ರಸ್ತೆ. ಕೆಲವೆಡೆ ಬಡಾವಣೆಯೊಳಗೆ ನೀಟಾದ ಡಾಂಬರು ಇರುತ್ತದೆ. ಹೆದ್ದಾರಿ ಸೇರುವ ದಾರಿ ಮಾತ್ರ ಪಕ್ಕದವರ ಹೊಲದ ಬದುವಿನ ಮೇಲೆ! ಆ ರೈತ ಬೇಲಿ ಹಾಕಿದ ದಿನ ಆಂಬುಲೆನ್ಸ್ ಕೂಡ ಹೊರಗೇ ನಿಲ್ಲಬೇಕು. ಆದ್ದರಿಂದ ನಕ್ಷೆ ನೋಡುವಾಗ ಮುಖ್ಯರಸ್ತೆ ಸೇರುವ ದಾರಿ ಸಾರ್ವಜನಿಕವೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಮುಂದೆ ದಾರಿಯಿಲ್ಲದ ಬೀದಿಯ ತುದಿಯಲ್ಲಿ ಅಗ್ನಿಶಾಮಕ ವಾಹನ ತಿರುಗುವಷ್ಟು ಜಾಗ ಬಿಟ್ಟಿರಬೇಕು. ಮಳೆನೀರು ಚರಂಡಿಗೆ ಇಳಿಯುವಂತೆ ರಸ್ತೆ ನೆಲದ ಇಳಿಜಾರನ್ನು ಅನುಸರಿಸಬೇಕು.